ದೋಣಿಗಳು ತಡವಾಗಿ ಬಂದ ನದಿ: ಯುವ ಬರಹಗಾರರಿಗೆ ಒಂದು ಪತ್ರ

ಆತ್ಮೀಯರೇ,

ಅಮೆರಿಕದ ಅಂತರ್ಯುದ್ಧದ ಫ್ರೆಡರಿಕ್ಸ್‌ಬರ್ಗ್ ಕದನವನ್ನು ಕುರಿತು ನೀವು ಬರೆದು ಕಳುಹಿಸಿದ ಕಥೆಯನ್ನು ಗಮನವಿಟ್ಟು ಓದಿದೆ. 1862ರ ಡಿಸೆಂಬರ್ 13ರಂದು ಮೇರೀಸ್ ಹೈಟ್ಸ್ ಗುಡ್ಡದ ಬುಡದಲ್ಲಿದ್ದ , ದಕ್ಷಿಣದ ಬಂಡಾಯ ರಾಜ್ಯಗಳವರು ಹಿಡಿದಿದ್ದ ಕಲ್ಲುಗೋಡೆಯತ್ತ ಉತ್ತರದ, ಅಂದರೆ ಒಕ್ಕೂಟದ, ಸೈನಿಕರು ಅಲೆಅಲೆಯಾಗಿ ನುಗ್ಗಿ ಬೀಳುವಲ್ಲಿಂದ ನೀವು ಕಥೆಯನ್ನು ಆರಂಭಿಸಿದ್ದೀರಿ. ಬರವಣಿಗೆಯಲ್ಲಿ ಕಸುವಿದೆ. ಆದರೆ ಆ ಸೋಲಿನ ಬೇರು ಸುಮಾರು ನಾಲ್ಕು ವಾರಗಳಷ್ಟು ಹಿಂದೆ, ರಾಪಹ್ಯಾನಕ್ ನದಿಯ ಈಚೆ ದಡದಲ್ಲಿದೆ. ಕಥೆಯೂ ಅಲ್ಲಿಂದಲೇ ಹೊರಡಬೇಕೆಂಬುದು ನನ್ನ ಸಲಹೆ.

ನವೆಂಬರ್ 17ರಂದು ಒಕ್ಕೂಟದ ಜನರಲ್ ಸಮ್ನರ್ ಅವರ ಪಡೆ ಈಚೆ ದಡದ ಫಾಲ್ಮತ್ ಊರನ್ನು ತಲುಪಿದಾಗ ಎದುರು ದಡದ ಫ್ರೆಡರಿಕ್ಸ್‌ಬರ್ಗ್‌ನಲ್ಲಿ ದಕ್ಷಿಣದವರ ಸಣ್ಣ ತುಕಡಿ ಮಾತ್ರ ಇತ್ತು. ನೀರು ಕಡಿಮೆಯಿರುವ ಕಡೆ ನಡೆದೇ ದಾಟಲು ಸಮ್ನರ್ ಅಪ್ಪಣೆ ಕೇಳಿದರು. ಮಳೆ ಬಂದು ನದಿ ಏರಿದರೆ ದಾಟಿದವರು ಆಚೆಯೇ ಸಿಕ್ಕಿಬೀಳುತ್ತಾರೆಂದು ಸೇನಾಪತಿ ಬರ್ನ್‌ಸೈಡ್ ಒಪ್ಪಲಿಲ್ಲ. ಇದನ್ನು ಹೇಡಿತನವೆಂದು ಚಿತ್ರಿಸಬೇಡಿ. ಆ ಭಯಕ್ಕೆ ಆಧಾರವಿತ್ತು. ಅವರು ತೇಲುಸೇತುವೆಯ ದೋಣಿಗಳಿಗಾಗಿ ಕಾಯುತ್ತಿದ್ದರು. ಆ ದೋಣಿಗಳನ್ನು ವಾಷಿಂಗ್ಟನ್‌ಗೆ ಸಾಗಿಸಬೇಕೆಂಬ ನವೆಂಬರ್ 6ರ ಆದೇಶವು ತಂತಿಯಲ್ಲಿ ಹೋಗದೆ ಅಂಚೆಯಲ್ಲಿ ಹೋಗಿ, ಸಂಬಂಧಪಟ್ಟ ಅಧಿಕಾರಿಯ ಕೈಸೇರಿದ್ದು 12ರಂದು. ಆಮೇಲೆ ಮಳೆ, ಕೆಸರು, ಹೂತುಹೋಗುವ ಗಾಡಿಗಳು. ಮೊದಲ ದೋಣಿಗಳು ನವೆಂಬರ್ 25ರ ಹೊತ್ತಿಗೆ ಬಂದವು. ಅಷ್ಟರಲ್ಲಿ ದಕ್ಷಿಣದ ಜನರಲ್ ಲಾಂಗ್‌ಸ್ಟ್ರೀಟ್ ಅವರ ಪಡೆ ಎದುರಿನ ಗುಡ್ಡಗಳನ್ನು ಹಿಡಿದಾಗಿತ್ತು. ಅಂಚೆಯಲ್ಲಿ ತಡವಾದ ಆ ಕಾಗದಕ್ಕೆ ನಿಮ್ಮ ಕಥೆಯಲ್ಲಿ ಒಂದು ಪುಟವಾದರೂ ಸಲ್ಲಬೇಕು.

ಡಿಸೆಂಬರ್ 11ರ ನಸುಕನ್ನೂ ನೀವು ಒಂದೇ ವಾಕ್ಯದಲ್ಲಿ ಮುಗಿಸಿದ್ದೀರಿ. ಮಂಜಿನಲ್ಲಿ ನ್ಯೂಯಾರ್ಕಿನ ಇಂಜಿನಿಯರ್ ದಳದವರು ದೋಣಿಗಳನ್ನು ಸಾಲಾಗಿ ಕಟ್ಟಿ ಮೇಲೆ ಹಲಗೆ ಹಾಸುತ್ತಾ ಮುಂದೆ ಸಾಗುತ್ತಿದ್ದಾಗ, ನದಿಯಂಚಿನ ಮನೆಗಳ ನೆಲಮಾಳಿಗೆಗಳಿಂದ ಮಿಸಿಸಿಪಿಯ ಬಂದೂಕುಧಾರಿಗಳು ಗುಂಡು ಹಾರಿಸಿದರು. ಹಲಗೆ ಹೊತ್ತವನ ಎರಡೂ ಕೈಗಳಿಗೆ ಕೆಲಸವಿರುತ್ತದೆ. ಅವನು ತಿರುಗಿ ಗುಂಡು ಹಾರಿಸಲಾರ, ಅರ್ಧ ಕಟ್ಟಿದ ಸೇತುವೆಯ ತುದಿಯಲ್ಲಿ ಅಡಗಲೂ ಜಾಗವಿಲ್ಲ. ಅವರು ಮತ್ತೆ ಮತ್ತೆ ಹಿಮ್ಮೆಟ್ಟಿ ಮತ್ತೆ ಮತ್ತೆ ಹೋದರು. ಸುಮಾರು 150 ಫಿರಂಗಿಗಳು ಊರನ್ನು ಪುಡಿಗಟ್ಟಿದರೂ ನೆಲಮಾಳಿಗೆಯವರು ಕದಲಲಿಲ್ಲ. ಕೊನೆಗೆ ಸೇತುವೆಗೆಂದು ತಂದ ದೋಣಿಗಳಲ್ಲೇ ಮಿಷಿಗನ್ ಮತ್ತು ಮ್ಯಾಸಚೂಸೆಟ್ಸ್‌ನ ಕಾಲಾಳುಗಳು ಹುಟ್ಟುಹಾಕಿ ದಾಟಿ, ಬೀದಿಬೀದಿಯಲ್ಲಿ ಹೋರಾಡಿ ದಡ ಹಿಡಿದರು. ನನ್ನ ದೃಷ್ಟಿಯಲ್ಲಿ ಇಡೀ ಕದನದ ಅತ್ಯಂತ ಧೈರ್ಯದ ಕೆಲಸ ಆ ಹಲಗೆಯವರದು, ಆದರೂ ನಿಮ್ಮ ಕಥೆಯಲ್ಲಿ ಅವರಿಗೆ ಒಂದು ಮುಖವೂ ಇಲ್ಲ.

ಇನ್ನೊಂದು ಲೋಪ ಇದಕ್ಕಿಂತ ದೊಡ್ಡದು. ಗುಲಾಮಗಿರಿಯ ಮಾತೇ ಇಲ್ಲದ ಅಮೆರಿಕದ ಅಂತರ್ಯುದ್ಧ ನಿಮ್ಮದು. ಅದೇ ವರ್ಷದ ಏಪ್ರಿಲ್‌ನಲ್ಲಿ, ಒಕ್ಕೂಟದ ಸೇನೆ ಫಾಲ್ಮತ್‌ಗೆ ಮೊದಲ ಸಲ ಬಂದಾಗ, ಫ್ರೆಡರಿಕ್ಸ್‌ಬರ್ಗ್‌ನಲ್ಲಿ ಗುಲಾಮನಾಗಿದ್ದ ಜಾನ್ ವಾಷಿಂಗ್ಟನ್ ಎಂಬ ಯುವಕ ಇದೇ ನದಿಯನ್ನು ದಾಟಿ ಸ್ವತಂತ್ರನಾದ. ಮುಂದೆ ತನ್ನ ಬದುಕನ್ನು ತಾನೇ ಬರೆದಿಟ್ಟ. ಅವನ ಹಿಂದೆ ಸಾವಿರಾರು ಜನ ದಾಟಿದರು. ಬಂಡಾಯ ರಾಜ್ಯಗಳ ಗುಲಾಮರನ್ನು ಬಿಡುಗಡೆ ಮಾಡುವ, ಅಧ್ಯಕ್ಷ ಲಿಂಕನ್ ಅವರ ವಿಮೋಚನಾ ಘೋಷಣೆ 1863ರ ಜನವರಿ 1ರಂದು ಜಾರಿಗೆ ಬರಬೇಕಿತ್ತು. ಅದಕ್ಕೆ ಮೊದಲು ಗೆಲುವೊಂದು ಬೇಕಿತ್ತೆಂಬ ಒತ್ತಡ ತಿಳಿಯದಿದ್ದರೆ, ಚಳಿಗಾಲದಲ್ಲಿ ಈ ನದಿಯನ್ನು ದಾಟುವ ಅವಸರವೇನಿತ್ತು ಎಂಬುದು ಓದುಗರಿಗೆ ಹೊಳೆಯುವುದಿಲ್ಲ.

ಒಕ್ಕೂಟದ ಕಡೆ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ 12,600ಕ್ಕೂ ಹೆಚ್ಚು. ಈ ಸಂಖ್ಯೆಯನ್ನು ಒಮ್ಮೆ ಹೇಳಿದರೆ ಸಾಕು, ನೀವು ಪದೇ ಪದೇ ಹೇಳಿದ್ದೀರಿ. ಬರ್ನ್‌ಸೈಡ್ ಅವರನ್ನು ಮೂರ್ಖನನ್ನಾಗಿ ಮಾಡಿರುವುದನ್ನೂ ಮರುಚಿಂತಿಸಿ. ಸೇನಾಪತಿಯ ಹುದ್ದೆ ತನಗೆ ಬೇಡವೆಂದು ಅವರು ಹಿಂದೆ ನಿರಾಕರಿಸಿದ್ದವರು. ಸೋತ ಮೇಲೆ ಹೊಣೆ ತಮ್ಮದೇ ಎಂದು ಲಿಖಿತವಾಗಿ ಒಪ್ಪಿಕೊಂಡವರು. ಅಂಥ ಮನುಷ್ಯ ಆ ದಿನ ಗೋಡೆಯತ್ತ ಮತ್ತೆ ಮತ್ತೆ ತುಕಡಿಗಳನ್ನು ಕಳುಹಿಸಿದ್ದು ಹೇಗೆ ಎಂಬುದನ್ನು ನೀವು ಬರೆಯಬಲ್ಲಿರಿ. ತಿದ್ದಿದ ಪ್ರತಿಯನ್ನು ಕಳುಹಿಸಿ, ಓದಲು ಕಾದಿರುತ್ತೇನೆ.

ವಿಶ್ವಾಸದಿಂದ,
ನಿಮ್ಮ ಹಿರಿಯ ಮಿತ್ರ