ಶಾರ್ಜಾದಿಂದ ಬಂದ ಡಬ್ಬಿ

ಪ್ರಿಯ ಶಶಿ,

ಕಳೆದ ಬಿಸುವಿಗೆ ಬಂದಾಗ ನೀನು ಕೊಟ್ಟು ಹೋದ ವಿಟಮಿನ್ ಡಬ್ಬಿ ಖಾಲಿಯಾಗಿದೆ. ಇನ್ನೊಂದು ಕಳಿಸಬೇಡ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಬದಿಯಡ್ಕದಿಂದ ಮಂಜೇಶ್ವರದವರೆಗೆ ಇಂಥ ಡಬ್ಬಿ ಇಲ್ಲದ ಮನೆ ಕಡಿಮೆ. ಅದಕ್ಕೇ ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮಳೆಗಾಲದಲ್ಲಿ ಅಡಿಕೆಗೆ ಮದ್ದು ಬಿಡುವಾಗ ಸುಸ್ತು ಶುರುವಾಯಿತು. ಗುಡ್ಡೆ ಹತ್ತಿದರೆ ಏದುಸಿರು. ರಕ್ತ ಪರೀಕ್ಷೆ ಮಾಡಿಸಿದೆ. ಹಿಮೋಗ್ಲೋಬಿನ್ 9, ಅಂದರೆ ರಕ್ತ ಕಡಿಮೆ. ಡಾಕ್ಟರ ಹತ್ತಿರ ಹೋಗಲಿಲ್ಲ. ಮೆಡಿಕಲ್ ಶಾಪಿನಿಂದ ಕಬ್ಬಿಣದ ಮಾತ್ರೆ ತಂದೆ. ನಿನ್ನ ಡಬ್ಬಿ ಹೇಗೂ ಇತ್ತು. ಕಬ್ಬಿಣದ ಮಾತ್ರೆ ನುಂಗಿದರೆ ಮಲ ಕಪ್ಪಾಗುತ್ತದೆ. ಹಾಗಾಗಿ ಏನು ಕಂಡರೂ ಮಾತ್ರೆಯದ್ದೇ ಅಂದುಕೊಂಡೆ.

ದೀಪಾವಳಿಯ ಮರುದಿನ ಬೆಳಿಗ್ಗೆ ಕೆಂಪು ಕಂಡಿತು. ಮೂಲವ್ಯಾಧಿ ಇರಬೇಕು ಅಂತ ನನಗೆ ನಾನೇ ಹೇಳಿಕೊಂಡೆ. ಹೆಂಡತಿಗೂ ಹೇಳಲಿಲ್ಲ. ದಿನಕ್ಕೊಂದು ಅಂತ ಡಬ್ಬಿಯ ಮೇಲೆ ಬರೆದಿತ್ತು. ನಾನು ಎರಡು ನುಂಗತೊಡಗಿದೆ. ಒಂದು ಸುಸ್ತಿಗೆ, ಇನ್ನೊಂದು ಹೆದರಿಕೆಗೆ.

ಕೊನೆಗೆ ಜನವರಿಯಲ್ಲಿ ಮಂಗಳೂರಿಗೆ ಹೋದೆ. ಡಾಕ್ಟರು ಮೊದಲು ಕೇಳಿದ್ದು ಒಂದೇ ಮಾತು: "ರಕ್ತ ಕಡಿಮೆಯಾಗಿದೆ ಅಂತ ಗೊತ್ತಿತ್ತಲ್ಲ, ಎಲ್ಲಿ ಹೋಗ್ತಾ ಇದೆ ಅಂತ ಯಾಕೆ ನೋಡಿಸಲಿಲ್ಲ?" ನಮ್ಮ ವಯಸ್ಸಿನ ಗಂಡಸಿಗೆ ಕಬ್ಬಿಣದ ಅಂಶ ಕಡಿಮೆಯಾದರೆ ಕರುಳಿನಲ್ಲಿ ಎಲ್ಲೋ ಸೋರುತ್ತಿದೆಯಾ ಅಂತ ನೋಡಲೇಬೇಕಂತೆ. ನಾನು ಆರು ತಿಂಗಳು ಸೋರುವ ಕೊಡಪಾನಕ್ಕೆ ನೀರು ಹೊಯ್ಯುತ್ತಿದ್ದೆ.

ಹಿಂದಿನ ರಾತ್ರಿ ಕರುಳು ತೊಳೆಯುವ ಮದ್ದು. ಉಪ್ಪುಪ್ಪು ನೀರು, ಲೀಟರ್‌ಗಟ್ಟಲೆ. ಮರುದಿನ ಕೊಲೊನೋಸ್ಕೋಪಿ, ಅಂದರೆ ಕ್ಯಾಮೆರಾ ಇರುವ ಕೊಳವೆ ಹಾಕಿ ಕರುಳಿನ ಒಳಗೆ ನೋಡುವುದು. ಆಮೇಲೆ ಚಿತ್ರ ತೋರಿಸಿದರು. ತೊಟ್ಟು ಸಮೇತ ಒಂದು ಸಣ್ಣ ನೆಲ್ಲಿಕಾಯಿ ನೇತಾಡುವ ಹಾಗೆ ಪಾಲಿಪ್, ಅಂದರೆ ಕರುಳಿನ ಒಳಗೋಡೆಯಲ್ಲಿ ಬೆಳೆದ ಗಂಟು, ತುದಿ ಕೆಂಪಗೆ. ತೊಟ್ಟಿಗೆ ತಂತಿಯ ಕುಣಿಕೆ ಹಾಕಿ ಕತ್ತರಿಸಿ ತೆಗೆದರು. ಒಂದು ವಾರಕ್ಕೆ ರಿಪೋರ್ಟ್ ಬಂತು. ಕ್ಯಾನ್ಸರ್ ಅಲ್ಲ. ಆದರೆ ಬಿಟ್ಟರೆ ಕ್ಯಾನ್ಸರ್ ಆಗಬಲ್ಲ ಜಾತಿಯದ್ದು. ಅದಕ್ಕೆ ಸಾಮಾನ್ಯವಾಗಿ ಹತ್ತು ವರ್ಷವಾದರೂ ಬೇಕಾಗುತ್ತದೆ. ಅಷ್ಟು ಸಮಯ ಸಿಗುತ್ತದೆ, ಶಶಿ. ನೋಡುವವರು ಬೇಕು ಅಷ್ಟೇ.

"ಇಷ್ಟು ವಿಟಮಿನ್ ತಿಂದೆನಲ್ಲ?" ಅಂತ ಕೇಳಿದೆ. ಅವರು ಕೂತು ವಿವರಿಸಿದರು. ಪಾಲಿಪ್ ತೆಗೆಸಿಕೊಂಡ ಸಾವಿರ ಜನರಲ್ಲಿ ಕೆಲವರಿಗೆ ದಿನಾ 1 ಮಿಲಿಗ್ರಾಂ ಫೋಲಿಕ್ ಆಸಿಡ್ ಅನ್ನುವ ವಿಟಮಿನ್ ಕೊಟ್ಟು ನೋಡಿದ್ದರು. 2007ರಲ್ಲಿ ಫಲಿತಾಂಶ ಬಂತು. ಹೊಸ ಪಾಲಿಪ್ ತಡೆಯಲಿಲ್ಲ. ಮೂರು ಅಥವಾ ಅದಕ್ಕಿಂತ ಜಾಸ್ತಿ ಪಾಲಿಪ್ ಆದವರು ಮಾತ್ರೆ ತಿಂದವರಲ್ಲೇ ಹೆಚ್ಚು. ಆಮೇಲಿನ ಅಧ್ಯಯನಗಳಲ್ಲಿ ಅಷ್ಟು ಹೆದರಿಕೆ ಕಾಣಲಿಲ್ಲ, ಲಾಭವೂ ಕಾಣಲಿಲ್ಲ. ವಿಟಮಿನ್ ಡಿಯನ್ನು 25,871 ಜನರಲ್ಲಿ ಐದು ವರ್ಷ ಪರೀಕ್ಷಿಸಿದರು, ದಿನಕ್ಕೆ 2000 ಯೂನಿಟ್. ಕ್ಯಾನ್ಸರ್ ಬರುವುದು ಕಡಿಮೆಯಾಗಲಿಲ್ಲ. ಕೊರತೆ ಇದ್ದವರು ಡಾಕ್ಟರು ಹೇಳಿದಷ್ಟು ತಿನ್ನಬೇಕು, ಅದು ಬೇರೆ ಮಾತು. ನಾರಿನ ಊಟದ ಬಗ್ಗೆ ಮಾತ್ರ ಅವರಿಗೆ ಭರವಸೆ ಇತ್ತು. ಕುಚ್ಚಲಕ್ಕಿ ಗಂಜಿ, ಹರಿವೆ, ಬಾಳೆದಂಡಿನ ಪಲ್ಯ. ಅಮ್ಮ ಇಷ್ಟು ವರ್ಷ ಬಡಿಸಿದ್ದೇ.

ಇಲ್ಲಿಗೆ ನಿಲ್ಲಿಸಬೇಕು ಅಂತಿದ್ದೆ. ಆಗುತ್ತಿಲ್ಲ.

ಅಪ್ಪ ಹೋದದ್ದು ಹೊಟ್ಟೆಯ ತೊಂದರೆಯಿಂದ ಅಂತ ನಾನು ಎಲ್ಲರಿಗೂ ಹೇಳಿದ್ದು. ನಿನಗೂ ಹಾಗೇ ಹೇಳಿದ್ದೆ. ಚಟ್ಟಕ್ಕೆ ಹೆಗಲು ಕೊಟ್ಟವನು ನೀನು. ಅದು ಕರುಳಿನ ಕ್ಯಾನ್ಸರ್. ಅಪ್ಪನೂ "ಉಷ್ಣ ಆಗಿದೆ" ಅಂತ ಮಜ್ಜಿಗೆ ಕುಡಿಯುತ್ತಾ ಒಂದು ವರ್ಷ ಮುಚ್ಚಿಟ್ಟರು. ಬಚ್ಚಲಿನಿಂದ ಹೊರಗೆ ಬಂದು ಕಂಬ ಹಿಡಿದು ನಿಲ್ಲುತ್ತಿದ್ದರು. ನಾನು ನೋಡಿದ್ದೆ. ಕೇಳಲಿಲ್ಲ. ದೀಪಾವಳಿಯ ಮರುದಿನ ನಾನೂ ಅದೇ ಕಂಬ ಹಿಡಿದು ನಿಂತಿದ್ದೆ. ಆಗಲೇ ನನಗೆ ಎಲ್ಲ ಗೊತ್ತಿತ್ತು. ಗೊತ್ತಿದ್ದೇ ಇನ್ನೊಂದು ಮಾತ್ರೆ ನುಂಗಿದೆ.

ಅಪ್ಪನ ವಿಷಯ ಹೇಳಿದ ಕೂಡಲೇ ಡಾಕ್ಟರು ನನ್ನ ತಮ್ಮನನ್ನೂ ಕರೆಸಿದರು. ಅವನಿಗೀಗ 41. ಮುಂದಿನ ವಾರ ಅವನ ಪರೀಕ್ಷೆ. ನಾನು ಮೂರು ವರ್ಷ ಬಿಟ್ಟು ಮತ್ತೆ ಹೋಗಬೇಕು.

ನಿನಗೂ 48 ಆಯಿತಲ್ವಾ? ಸುಮ್ನೆ ಮಲದಲ್ಲಿ ರಕ್ತ ಇದೆಯಾ ಅಂತ ಪರೀಕ್ಷೆಯಾದರೂ ಮಾಡಿಸು. ಆ ರೂಮಿನಲ್ಲಿ ದಿನಾ ಸಾಸೇಜು ಹುರಿದು ತಿನ್ನುವುದನ್ನು ನಿಲ್ಲಿಸು. ಅಂಥ ಸಂಸ್ಕರಿಸಿದ ಮಾಂಸ ಕರುಳಿನ ಕ್ಯಾನ್ಸರಿಗೆ ಕಾರಣ ಅಂತ ವಿಶ್ವ ಆರೋಗ್ಯ ಸಂಸ್ಥೆಯವರು 2015ರಲ್ಲೇ ಹೇಳಿದ್ದಾರೆ.

ಸಾಕು, ಜಾಸ್ತಿಯೇ ಬರೆದೆ. ಬರುವಾಗ ಖರ್ಜೂರ ತಾ. ಕುಂಬಳೆ ಸ್ಟೇಷನ್ನಿನ ಬೋಂಡದ ಲೆಕ್ಕ ಇನ್ನೂ ಚುಕ್ತಾ ಆಗಿಲ್ಲ, ನೆನಪಿರಲಿ. ಏಳನೆಯದು ನಿನ್ನದೇ. ಅಮ್ಮ ತಿಮರೆ ಚಟ್ನಿ ಮಾಡಿಡುತ್ತಾರಂತೆ.

ನಿನ್ನ,
ಬ್ಯಾಟರಿ