ಹಳೆಯ ಹೆಸರಿಗೂ ಫಲಕದಲ್ಲಿ ಜಾಗವಿರಲಿ

ಮಾನ್ಯರೇ,

ರಸ್ತೆಗಳ ಮರುನಾಮಕರಣ ಕುರಿತು ನಿಮ್ಮ ಪತ್ರಿಕೆಯಲ್ಲಿ ಬಂದ ವರದಿ ಓದಿದೆ. ಹೆಸರು ಬದಲಿಸುವುದೇ ಆದರೂ ಹಳೆಯದನ್ನು ಫಲಕದಿಂದ ಪೂರ್ತಿ ಅಳಿಸಬಾರದು.

ಅಮೆರಿಕದ ಸಿನ್ಸಿನಾಟಿ ನಗರವನ್ನೇ ನೋಡಿ. ಜರ್ಮನ್ ಮೂಲದವರು ದೊಡ್ಡ ಸಂಖ್ಯೆಯಲ್ಲಿದ್ದ ಆ ಊರಿನಲ್ಲಿ, ಜರ್ಮನಿಯ ವಿರುದ್ಧ ಅಮೆರಿಕ ಹೋರಾಡುತ್ತಿದ್ದ ಮೊದಲ ಮಹಾಯುದ್ಧದ ಆವೇಶದ ನಡುವೆ, 1918ರಲ್ಲಿ, ಹಲವು ಬೀದಿಗಳ ಹೆಸರು ಬದಲಾಯಿತು. ಜರ್ಮನ್ ಬೀದಿ ಇಂಗ್ಲಿಷ್ ಬೀದಿಯಾಯಿತು, ಬ್ರೆಮೆನ್ ಬೀದಿ ರಿಪಬ್ಲಿಕ್ ಬೀದಿ, ಬಿಸ್ಮಾರ್ಕ್ ಬೀದಿ ಮಾಂಟ್ರಿಯಲ್ ಬೀದಿ. ಸಾರ್ವಜನಿಕ ಗ್ರಂಥಾಲಯದ ಕಪಾಟುಗಳಿಂದ ಜರ್ಮನ್ ಪುಸ್ತಕಗಳೂ ಮರೆಯಾದವು. ತಮಾಷೆಯೆಂದರೆ, ಬ್ರೆಮೆನ್ ಬೀದಿಯಿದ್ದ ಬಡಾವಣೆ ಮಾತ್ರ ಜರ್ಮನಿಯ ನದಿಯ ನೆನಪಿನ 'ಓವರ್-ದ-ರೈನ್' ಆಗಿಯೇ ಉಳಿಯಿತು!

ಇದರಿಂದ ರಣರಂಗದಲ್ಲಿ ಕೂದಲೂ ಕೊಂಕಲಿಲ್ಲ. ಅಲ್ಲೇ ಹುಟ್ಟಿ ಬೆಳೆದವರನ್ನು ಅವರದೇ ಮನೆ ವಿಳಾಸದಲ್ಲಿ ಅನುಮಾನಿಸಿದಂತಾಯಿತು, ಅಷ್ಟೇ. ಎಷ್ಟೋ ವರ್ಷಗಳ ನಂತರ ಅಲ್ಲಿ 'ಹಿಂದೆ ಬ್ರೆಮೆನ್ ಬೀದಿ' ಎಂದು ತಿಳಿಸುವ ಫಲಕ ಬಂತು. ನಮ್ಮಲ್ಲಿ, ಜರ್ಮನ್ ಎಂಬ ಕಾರಣಕ್ಕೆ ಯುದ್ಧಕಾಲದಲ್ಲಿ ಬಂಧನಕ್ಕೊಳಗಾದ ತೋಟಗಾರಿಕಾ ತಜ್ಞ ಕೃಂಬಿಗಲ್ ಅವರ ಹೆಸರಿನ ರಸ್ತೆ ಲಾಲ್‌ಬಾಗ್ ಪಕ್ಕದಲ್ಲಿ ಇಂದಿಗೂ ಇದೆ ಎಂಬುದು ಸಮಾಧಾನದ ಸಂಗತಿ.

ಮಹಾತ್ಮ ಗಾಂಧಿ ರಸ್ತೆ ಒಂದು ಕಾಲಕ್ಕೆ ಸೌತ್ ಪೆರೇಡ್ ಆಗಿತ್ತೆಂದು ಇಂದಿನ ಎಷ್ಟು ಮಕ್ಕಳಿಗೆ ಗೊತ್ತು? ಆ ಬದಲಾವಣೆ ಸರಿಯಾದುದೇ. ಆದರೂ ಸ್ಥಳೀಯ ಸಂಸ್ಥೆಗಳು ಹೊಸ ಫಲಕ ನೆಡುವಾಗ, ಕೆಳಗೆ ಚಿಕ್ಕ ಅಕ್ಷರಗಳಲ್ಲಿ ಹಿಂದಿನ ಹೆಸರನ್ನೂ ಬದಲಾದ ವರ್ಷವನ್ನೂ ಬರೆಸಲಿ. ಖರ್ಚು ಒಂದು ಸಾಲಿನದು ಮಾತ್ರ.

ಓರ್ವ ಓದುಗ, ಬೆಂಗಳೂರು