ಜೀತಕ್ಕೆ ಬೀಗ ಬೇಕಿಲ್ಲ: ರಾಜ್ಯದ ಉಪವಿಭಾಗಾಧಿಕಾರಿಗಳಿಗೆ ಬಹಿರಂಗ ಪತ್ರ

ಮಾನ್ಯರೇ,

ಇಟ್ಟಿಗೆ ಗೂಡು, ಕಲ್ಲು ಕ್ವಾರಿ, ಶುಂಠಿ ಹೊಲ, ಎಲ್ಲಿಂದ ಜೀತದ ದೂರು ಹೊರಟರೂ ಅದು ಬಂದು ನಿಲ್ಲುವುದು ನಿಮ್ಮ ಎಸಿ (ಉಪವಿಭಾಗಾಧಿಕಾರಿ) ಕಚೇರಿಯ ಮೇಜಿನ ಮೇಲೆ. ಜೀತದಿಂದ ಬಿಡುಗಡೆಯಾದರೆಂದು ಕೊಡುವ ಬಿಡುಗಡೆ ಪತ್ರಕ್ಕೆ ಸಹಿ ಹಾಕುವವರು ನೀವು. ಜೀತದ ಮೇಲೆ ಕಣ್ಣಿಡುವ ಉಪವಿಭಾಗದ ಜಾಗೃತಿ ಸಮಿತಿಯ ಅಧ್ಯಕ್ಷರೂ ನೀವೇ. ಅದಕ್ಕಾಗಿ ಈ ಪತ್ರವನ್ನು ನೇರವಾಗಿ ನಿಮಗೇ ಬರೆಯುತ್ತಿದ್ದೇವೆ.

ವಿಚಾರಣಾ ವರದಿಗಳಲ್ಲಿ ಒಂದು ಸಾಲು ಪದೇ ಪದೇ ಕಾಣುತ್ತದೆ: ಕಾರ್ಮಿಕರನ್ನು ಕೂಡಿಹಾಕಿಲ್ಲ, ಹೊಡೆದಿಲ್ಲ, ಸ್ವಇಚ್ಛೆಯಿಂದ ಕೆಲಸ ಮಾಡುತ್ತಿದ್ದಾರೆ, ಆದ್ದರಿಂದ ಜೀತವಲ್ಲ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಬೀಗವನ್ನೂ ಕೇಳುವುದಿಲ್ಲ, ಬಾಸುಂಡೆಯನ್ನೂ ಕೇಳುವುದಿಲ್ಲ. ಕಲಂ 2ರ (ಜಿ) ಓದಿ ನೋಡಿ. ಮುಂಗಡ ಪಡೆದ ಕಾರಣಕ್ಕೆ ಬೇರೆ ಕಡೆ ದುಡಿಯುವ ಹಕ್ಕು ಹೋಗಿರಬೇಕು, ಅಥವಾ ಬೇಕೆಂದಲ್ಲಿಗೆ ಓಡಾಡುವ ಹಕ್ಕು ಹೋಗಿರಬೇಕು, ಅಥವಾ ದುಡಿಮೆಯ ಫಲವನ್ನು ಮಾರುಕಟ್ಟೆ ಬೆಲೆಗೆ ಮಾರುವ ಹಕ್ಕು ಹೋಗಿರಬೇಕು, ಅಥವಾ ಕೂಲಿ ಇಲ್ಲದೆಯೋ ಹೆಸರಿಗಷ್ಟೇ ಕೂಲಿ ಪಡೆದೋ ದುಡಿಯುತ್ತಿರಬೇಕು. ಇವುಗಳ ನಡುವೆ ಇರುವುದು 'ಅಥವಾ'. ಒಂದು ಸಿಕ್ಕರೂ ಸಾಕು. ಕನಿಷ್ಠ ಕೂಲಿಗಿಂತ ಕಡಿಮೆ ಕೊಟ್ಟು ದುಡಿಸುವುದು ಬಲವಂತದ ದುಡಿಮೆ ಎಂದು ಸುಪ್ರೀಂ ಕೋರ್ಟ್ ಏಷ್ಯಾಡ್ (ದೆಹಲಿ ಏಷ್ಯನ್ ಕ್ರೀಡಾಕೂಟದ ಕಟ್ಟಡ) ಕಾರ್ಮಿಕರ ಪ್ರಕರಣದಲ್ಲಿ 1982ರಲ್ಲೇ ಹೇಳಿದೆ.

ತಪ್ಪು ಶುರುವಾಗುವುದು ವಿಚಾರಣೆಯ ಸ್ಥಳದಲ್ಲಿ. ಮಾಲೀಕ ಎದುರಿಗೇ ಕುರ್ಚಿ ಹಾಕಿಕೊಂಡು ಕೂತಿರುತ್ತಾನೆ. ಒಡಿಶಾದ ಬಲಾಂಗೀರ್ ಕಡೆಯ ಕುಟುಂಬಗಳಾದರೆ ಅವರನ್ನು ಕರೆತಂದ ಮೇಸ್ತ್ರಿಯೇ ದುಭಾಷಿ. "ಇಲ್ಲಿ ನಿಮಗೇನಾದರೂ ತೊಂದರೆ ಇದೆಯಾ?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ಇಲ್ಲ ಸಾರ್." ಮೊದಲು ಕಾರ್ಮಿಕರನ್ನು ಆ ಜಾಗದಿಂದ ಹೊರಗೆ ಕರೆತನ್ನಿ. ತಾಲ್ಲೂಕು ಕಚೇರಿಯೋ ಶಾಲೆಯೋ ಆದೀತು. ಊಟ ಕೊಡಿಸಿ, ಹೆಂಗಸರ ಹೇಳಿಕೆಯನ್ನು ಹೆಂಗಸರೇ ಪ್ರತ್ಯೇಕವಾಗಿ ಬರೆದುಕೊಳ್ಳಲಿ, ಭಾಷೆ ಬಲ್ಲವರನ್ನು ಹೊರಗಿನಿಂದ ಕರೆಸಿ. ಪ್ರಶ್ನೆಗಳು ಲೆಕ್ಕದಿಂದ ಶುರುವಾಗಲಿ. ಮುಂಗಡ ಎಷ್ಟು, ಯಾರ ಕೈಯಿಂದ, ಯಾವಾಗ? ವಾರದ ಖರ್ಚಿಗೆ ಎಷ್ಟು ಕೊಡುತ್ತಾರೆ? ಲೆಕ್ಕದ ಪುಸ್ತಕ ಯಾರ ಬಳಿ ಇದೆ? ಆಧಾರ್ ಕಾರ್ಡು ಯಾರ ಪೆಟ್ಟಿಗೆಯಲ್ಲಿದೆ? ಮುಂದಿನ ಪ್ರಶ್ನೆ ಬಹಳ ಮುಖ್ಯ: ಊರಲ್ಲಿ ಸಾವಾದಾಗ ಇಡೀ ಕುಟುಂಬವನ್ನು ಕಳಿಸಿದರೋ, ಒಬ್ಬರನ್ನು ಇಲ್ಲೇ ಉಳಿಸಿಕೊಂಡರೋ? ಯಾರನ್ನಾದರೂ ಒತ್ತೆ ಇಟ್ಟುಕೊಂಡಿದ್ದರೆ ಓಡಾಡುವ ಹಕ್ಕಿನ ಪ್ರಶ್ನೆಗೆ ಅಲ್ಲೇ ಉತ್ತರ ಸಿಕ್ಕಿತು.

ಕೂಲಿಯ ಲೆಕ್ಕವನ್ನು ಸ್ಥಳದಲ್ಲೇ ಹಾಕಬಹುದು. ಮಾಲೀಕನಿಗೆ ಅನುಕೂಲವಾಗುವಂತೆ ಮುಂಗಡವನ್ನೂ ಕೂಲಿಯೆಂದೇ ಸೇರಿಸಿಕೊಳ್ಳಿ. ಉದಾಹರಣೆಗೆ, ಗಂಡ ಹೆಂಡತಿಗೆ 40,000 ರೂಪಾಯಿ ಮುಂಗಡ, ವಾರಕ್ಕೆ 1,000 ಖರ್ಚು, 26 ವಾರ ಕೆಲಸ ಎಂದುಕೊಳ್ಳೋಣ. ಒಟ್ಟು 66,000. ವಾರಕ್ಕೆ ಆರೇ ದಿನ ಎಂದರೂ ಇಬ್ಬರಿಂದ 312 ಆಳುದಿನ. ಒಂದು ದಿನಕ್ಕೆ ಒಬ್ಬರಿಗೆ ಸುಮಾರು 212 ರೂಪಾಯಿ. 2025-26ರಲ್ಲಿ ರಾಜ್ಯದ ನರೇಗಾ ಕೂಲಿಯೇ 370 ಇತ್ತು. ಇಟ್ಟಿಗೆ ತಿರುವಿ ಹಾಕಿದ ಮಕ್ಕಳನ್ನು ಈ ಲೆಕ್ಕಕ್ಕೆ ಇನ್ನೂ ಸೇರಿಸಿಲ್ಲ. "ದಾಖಲೆ ಇಲ್ಲ" ಎಂದು ಕಡತ ಮುಚ್ಚುವ ಮುನ್ನ ಕಲಂ 15 ನೆನಪಿರಲಿ: ಅದು ಜೀತದ ಸಾಲವಲ್ಲ ಎಂದು ರುಜುವಾತು ಮಾಡಬೇಕಾದವನು ಸಾಲ ಕೊಟ್ಟವನು.

ಇನ್ನು ಬಿಡುಗಡೆ ಪತ್ರ. ಗೂಡಿನಲ್ಲಿ ಕುಟುಂಬವನ್ನೇ ಒಂದು ಆಳೆಂದು ಲೆಕ್ಕ ಹಿಡಿಯುತ್ತಾರೆ. ಸರ್ಕಾರಿ ಕಡತವೂ ಹಾಗೇ ಮಾಡಿದರೆ ಗಂಡನ ಹೆಸರಿಗೆ ಮಾತ್ರ ಪತ್ರ ಬರುತ್ತದೆ. ಕೇಂದ್ರದ ಪುನರ್ವಸತಿ ಯೋಜನೆಯಲ್ಲಿ ವಯಸ್ಕ ಗಂಡಸಿಗೆ 1 ಲಕ್ಷ, ಹೆಂಗಸರಿಗೂ ಮಕ್ಕಳಿಗೂ 2 ಲಕ್ಷ, ಲೈಂಗಿಕ ಶೋಷಣೆ, ಸಾಗಣೆಯಂಥ ತೀವ್ರ ಪ್ರಕರಣಗಳಲ್ಲಿ 3 ಲಕ್ಷ. ಹೆಂಡತಿಯ ಹೆಸರು ಬಿಟ್ಟುಹೋದರೆ ಆ ಮನೆಗೆ ಬರಬೇಕಾದ ದೊಡ್ಡ ಮೊತ್ತವೇ ಹೋಯಿತು. ದುಡಿದ ಪ್ರತಿಯೊಬ್ಬರಿಗೂ ಬೇರೆ ಬೇರೆ ಪತ್ರ ಕೊಡಿ. ಅದರಲ್ಲಿ ಫೋಟೊ, ಊರು, ತಾಲ್ಲೂಕು, ಜಿಲ್ಲೆ, ಮಾಲೀಕನ ಹೆಸರು, ಬಿಡುಗಡೆಯ ದಿನಾಂಕ, ಸಹಿ, ಮೊಹರು ಇರಲಿ. ಹಿಂಬದಿಯಲ್ಲಿ ಅವರ ಭಾಷೆಯಲ್ಲೇ ಎರಡು ಸಾಲು ಅಚ್ಚು ಹಾಕಿಸಿ: ಈ ಸಾಲ ತೀರಿಹೋಗಿದೆ, ವಸೂಲಿಗೆ ಬಂದವನಿಗೆ ಕಲಂ 9ರ ಪ್ರಕಾರ 3 ವರ್ಷದವರೆಗೆ ಜೈಲು. ಮೇಸ್ತ್ರಿ ಊರಿಗೇ ಹೋಗಿ ಬಾಗಿಲು ತಟ್ಟಿದಾಗ ಅವರ ಕೈಯಲ್ಲಿರುವ ಆಸರೆ ಅದೊಂದೇ.

ಹೊರರಾಜ್ಯದವರನ್ನು ಪತ್ರ ಕೊಡದೆ ರೈಲು ಹತ್ತಿಸುವುದನ್ನು ದಯವಿಟ್ಟು ನಿಲ್ಲಿಸಿ. ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ, ಅದಕ್ಕೆ ಮಾಲೀಕನಿಗೆ ಶಿಕ್ಷೆಯ ತೀರ್ಪು ಬರಬೇಕಿಲ್ಲ. ಹಣ ಬೇಗ ಸಿಗಲೆಂದೇ ಜಿಲ್ಲೆಯಲ್ಲಿ ಕನಿಷ್ಠ 10 ಲಕ್ಷದ ನಿಧಿ ಇಟ್ಟಿರಬೇಕೆಂದು ಯೋಜನೆಯೇ ಹೇಳುತ್ತದೆ. ಹಣ ಸಿಕ್ಕಿಕೊಳ್ಳುವುದು ಬ್ಯಾಂಕ್ ಖಾತೆ ಇಲ್ಲದ ಕಾರಣಕ್ಕೆ. ಆಧಾರ್ ಮಾಲೀಕನ ಬಳಿಯಿದ್ದರೆ ಮಹಜರಿನಲ್ಲೇ ವಾಪಸ್ ಪಡೆದು, ರೈಲಿಗೆ ಮುಂಚೆ ಶೂನ್ಯ ಠೇವಣಿಯ ಖಾತೆ ತೆರೆಸಿ, ಪತ್ರದ ಪ್ರತಿಯನ್ನು ಅವರ ಊರಿನ ಜಿಲ್ಲಾಧಿಕಾರಿಗೆ ಅದೇ ದಿನ ಕಳಿಸಿ.

ಪೊಲೀಸರು 1976ರ ಕಾಯ್ದೆಯೊಂದನ್ನೇ ಹಾಕಿ ಕೈತೊಳೆದುಕೊಂಡರೆ ಅದು ಜಾಮೀನು ಸಿಗುವ ಅಪರಾಧ, ಮಾಲೀಕ ಸಂಜೆಗೆ ಮನೆಯಲ್ಲಿರುತ್ತಾನೆ. ಮುಂಗಡದ ಆಸೆ ತೋರಿಸಿ ಕರೆತಂದು ಶೋಷಿಸಿದ್ದರೆ ಭಾರತೀಯ ನ್ಯಾಯ ಸಂಹಿತೆಯ ಕಲಂ 143ರ ಮಾನವ ಸಾಗಣೆ. ಸಾಗಿಸಿದ್ದು ಒಬ್ಬರಿಗಿಂತ ಹೆಚ್ಚು ಜನರನ್ನಾದರೆ ಕನಿಷ್ಠ 10 ವರ್ಷ ಜೈಲು. ಅಲ್ಲಿ ಸಂತ್ರಸ್ತರ ಒಪ್ಪಿಗೆ ಲೆಕ್ಕಕ್ಕೆ ಬರುವುದಿಲ್ಲ. ದುಡಿದವರು ಪರಿಶಿಷ್ಟ ಜಾತಿ, ಪಂಗಡದವರಾಗಿದ್ದು ಮಾಲೀಕ ಅಲ್ಲದಿದ್ದರೆ ದೌರ್ಜನ್ಯ ತಡೆ ಕಾಯ್ದೆಯ 3(1)(ಎಚ್) ಕೂಡ ಸೇರಬೇಕು. ನಿಮ್ಮ ವರದಿಯಲ್ಲಿ ಈ ಕಲಂಗಳು ಇಲ್ಲದಿದ್ದರೆ ಠಾಣೆಯಲ್ಲಿ ತಾವಾಗಿ ಸೇರುವುದು ಅಪರೂಪ. ತಕ್ಷಣದ ನೆರವನ್ನು ಬಿಟ್ಟರೆ ಪುನರ್ವಸತಿಯ ಹಣ ಮಾಲೀಕನ ಶಿಕ್ಷೆಗೆ ಗಂಟುಬಿದ್ದಿರುವುದರಿಂದ ಎಫ್‌ಐಆರ್ ಜೊಳ್ಳಾದರೆ ಬಡವರ ಹಣವೂ ಹೋಗುತ್ತದೆ. ಈ ಗಂಟನ್ನು ಕೇಂದ್ರ ಸರ್ಕಾರ ಬಿಚ್ಚಬೇಕೆಂಬುದು ನಮ್ಮ ಖಚಿತ ಅಭಿಪ್ರಾಯ. ಅಲ್ಲಿಯವರೆಗೆ ಎಫ್‌ಐಆರ್ ಗಟ್ಟಿಯಾಗಿರುವಂತೆ ನೋಡಿಕೊಳ್ಳುವುದು ನಿಮ್ಮ ಕೈಯಲ್ಲಿದೆ.

ಕೊನೆಯದಾಗಿ, 1976ರ ನಿಯಮಗಳ 7ನೇ ನಿಯಮದಂತೆ ಜಾಗೃತಿ ಸಮಿತಿ ವಹಿ ಇಡಬೇಕು: ಬಿಡುಗಡೆಯಾದವರು ಯಾರು, ಈಗ ಏನು ಕೆಲಸ, ಎಷ್ಟು ಆದಾಯ, ಯಾವ ಸವಲತ್ತು ಸಿಕ್ಕಿದೆ. ಬರುವ ಸಭೆಗೆ ಆ ವಹಿಯನ್ನು ತರಿಸಿ. ಸಮಿತಿಯಲ್ಲಿರುವ ಮೂವರು ಪರಿಶಿಷ್ಟ ಸದಸ್ಯರ ಎದುರು ಪ್ರತಿಯೊಂದು ಹೆಸರನ್ನೂ ಓದಿಸಿ. ಎಷ್ಟು ದೂರು ಬಂತು, ಎಷ್ಟು ಪತ್ರ ಕೊಟ್ಟಿರಿ, ಎಷ್ಟು ತಿರಸ್ಕರಿಸಿದಿರಿ, ಯಾವ ಕಾರಣಕ್ಕೆ ಎಂಬುದನ್ನು ಹೆಸರುಗಳಿಲ್ಲದೆ ಕಚೇರಿಯ ಫಲಕದಲ್ಲಿ ಮೂರು ತಿಂಗಳಿಗೊಮ್ಮೆ ಹಾಕಿ. ಆ ಫಲಕ ಓದಲು ನಾವು ಬರುತ್ತೇವೆ.

ಇಂತಿ,
ಜೀತವಿಮುಕ್ತರ ಜೊತೆ ಕೆಲಸ ಮಾಡುವವರು